ಹಿಂಬಾಲಿಸುವ ಕಣ್ಣು

ನಿಂತ ವಸ್ತುವಿನ ಚಿತ್ರವನ್ನು ಯಾರು ಬೇಕಾದರೂ ತೆಗೆಯಬಹುದು. ಓಡುವ ವಸ್ತುವಿನದು ಹಾಗಲ್ಲ. ಅದಕ್ಕೆ ಕಣ್ಣು, ಕೈ, ಊಹೆ ಈ ಮೂರೂ ಒಂದೇ ಗಳಿಗೆಯಲ್ಲಿ ಕೂಡಿಬರಬೇಕು. ಗುಂಡ್ಲುಪೇಟೆಯವನಾದ ನನಗೆ ಈ ಪಾಠವನ್ನು ಕಲಿಸಿದವು ಬಂಡೀಪುರದ ಜಿಂಕೆಗಳು. ಬೆದರಿದ ಜಿಂಕೆಯು ಎತ್ತ ನೆಗೆಯುವುದೆಂದು ಹೇಳಬಲ್ಲವರಾರು? ಆದರೂ ಕಿವಿ ತಿರುಗುವ ಬಗೆಯಿಂದ, ಮುಂಗಾಲು ನೆಲವನ್ನು ತಟ್ಟುವ ಬಗೆಯಿಂದ ಕೊಂಚ ಸೂಚನೆ ದೊರೆಯುವುದು. ಅದನ್ನು ನಂಬಿ, ಸೊಂಟದಿಂದ ಮೇಲಿನ ಮೈಯನ್ನೇ ಅದರ ವೇಗಕ್ಕೆ ಸಮನಾಗಿ ತಿರುಗಿಸಿದರೆ ಜಿಂಕೆಯು ಸ್ಪಷ್ಟವಾಗಿ ಮೂಡಿ, ಹಿಂದಿನ ಕಾಡು ಗೆರೆಗೆರೆಯಾಗಿ ಹರಿಯುವುದು. ಸುರುಳಿಯ ಬಹುಪಾಲು ಚಿತ್ರಗಳಲ್ಲಿ ಬರಿಯ ಹುಲ್ಲೇ ಉಳಿಯುತ್ತಿದ್ದಿತು.

ಕೆಲವು ವರ್ಷಗಳಿಂದ ನನ್ನ ಕೈ ನಡುಗುತ್ತಲಿದೆ. ಕ್ಯಾಮೆರಾ ಬೀರುವನ್ನು ಸೇರಿತು. ಕಳೆದ ರಜೆಯಲ್ಲಿ, ಚಾಮರಾಜನಗರದಲ್ಲಿ ಓದುತ್ತಿರುವ ಮೊಮ್ಮಗನು ತಾನೇ ಕಟ್ಟುತ್ತಿದ್ದ ಸಣ್ಣ ವಿಡಿಯೋ ಆಟವೊಂದನ್ನು ಕಂಪ್ಯೂಟರಿನಲ್ಲಿ ತೋರಿಸಿದನು. ಅದರಲ್ಲಿಯೂ ಕಾಡು, ಅದರಲ್ಲಿಯೂ ಜಿಂಕೆ. “ತಾತ, ಇದಕ್ಕೆ ಕ್ಯಾಮೆರಾ ಕಟ್ಟಿಬಿಟ್ಟಿದ್ದೀನಿ. ಎಲ್ಲಿಗೆ ಓಡಿದರೂ ಬಿಡೋದಿಲ್ಲ” ಎಂದನು.

ಆಟದೊಳಗಿನ ಕ್ಯಾಮೆರಾಕ್ಕೆ ಗಾಜಿಲ್ಲ, ಭಾರವಿಲ್ಲ, ಅದೊಂದು ಲೆಕ್ಕ. ಜಿಂಕೆಯು ಯಾವ ಕ್ಷಣದಲ್ಲಿ ಎಲ್ಲಿರುವುದೆಂಬುದು ಯಂತ್ರಕ್ಕೆ ತಿಳಿದೇ ಇರುವುದು. ಅಲ್ಲಿಂದ ಇಷ್ಟು ದೂರ, ಇಷ್ಟು ಎತ್ತರ ಎಂದು ವಿಧಿಸಿದರೆ ಸಾಕು. 1996ರಲ್ಲಿ ಬಂದ ‘ಸೂಪರ್ ಮಾರಿಯೋ 64’ ಎಂಬ ಜಪಾನಿನ ಆಟದಲ್ಲಿ ಈ ಅದೃಶ್ಯವಾದ ಕಣ್ಣಿಗೆ ರೂಪವನ್ನೇ ಕೊಟ್ಟಿದ್ದರು: ಮೋಡದ ಮೇಲೆ ಕುಳಿತು, ಗಾಳದ ಕೋಲಿಗೆ ಕ್ಯಾಮೆರಾವನ್ನು ತೂಗುಬಿಟ್ಟು, ನಾಯಕನ ಹಿಂದೆ ತೇಲಿಬರುವ ಲಾಕಿಟು.

ಆದರೆ ಬಿಗಿಯಾಗಿ ಕಟ್ಟಿದ ಕ್ಯಾಮೆರಾದ ಚಿತ್ರದಲ್ಲಿ ಜೀವವಿರಲಿಲ್ಲ. ಜಿಂಕೆಯು ನಡುವಿನಲ್ಲಿ ಮೊಳೆ ಹೊಡೆದಂತಿದ್ದು, ಕಾಡು ಮಾತ್ರ ಕುಲುಕಾಡುತ್ತಿದ್ದಿತು. ಇದನ್ನು ಹೇಳಿದೆನು. ಹುಡುಗನು ‘ಯೂನಿಟಿ’ ತಂತ್ರಾಂಶದ ‘ಸಿನೆಮಷೀನ್’ ಎಂಬ ಉಪಕರಣದಲ್ಲಿ ಮೂರು ಮಾರ್ಪಾಟುಗಳನ್ನು ಮಾಡಿದನು. ಒಂದರಿಂದ ಕ್ಯಾಮೆರಾವು ಕೊಂಚ ತಡವಾಗಿ ಹಿಂಬಾಲಿಸತೊಡಗಿತು. ಎರಡನೆಯದರಿಂದ, ಚೌಕಟ್ಟಿನ ನಡುವೆ ಒಂದಿಷ್ಟು ಜಾಗದಲ್ಲಿ ಜಿಂಕೆಯು ಆಚೀಚೆ ಸರಿದರೂ ಕ್ಯಾಮೆರಾ ಕದಲದಾಯಿತು. ಮೂರನೆಯದರಿಂದ, ಅದರ ವೇಗವನ್ನೆಣಿಸಿ, ಓಡುವ ದಿಕ್ಕಿನಲ್ಲಿ ಮುಂದಾಗಿ ಬಯಲು ತೆರೆಯಿತು. ಈಗ ಜಿಂಕೆಯು ನಿಜವಾಗಿ ನೆಗೆಯಿತು.

ನನಗೆ ಸೋಜಿಗವಾಯಿತು. ಇವು ಮೂರೂ ನಮ್ಮ ಕೈಗೆ ಸಹಜವಾಗಿದ್ದ ಗುಣಗಳೇ. ನಾವು ತಡವಾಗುತ್ತಿದ್ದುದು ಅಶಕ್ತಿಯಿಂದ. ಮುಂದೆ ಬಯಲು ಬಿಡುತ್ತಿದ್ದುದು ಮೃಗವೆಲ್ಲಿ ಕೈತಪ್ಪುವುದೋ ಎಂಬ ಭಯದಿಂದ. ತಡವಾಗಬೇಕಾದ ಅಗತ್ಯವೇ ಇಲ್ಲದ ಯಂತ್ರಕ್ಕೆ ಈಗ ಯತ್ನಪೂರ್ವಕವಾಗಿ ತಡವನ್ನು ಕಲಿಸಬೇಕಾಗಿದೆ. ಓಟದ ಸೊಗಸು ಹಿಂಬಾಲಿಸುವವನು ಬಿಡುವ ಸಡಿಲದಲ್ಲಿರುವುದೆಂದು ಇದರಿಂದ ತಿಳಿಯಿತು.

ಹಾಗೆಂದು ಈ ಆಟವನ್ನು ನಾನು ಹಳಿಯಲಾರೆ. ಬಹಳ ವರ್ಷಗಳ ಮೇಲೆ ಆ ದಿನ ಓಡುವ ಜಿಂಕೆಯೊಂದನ್ನು ನಾನೇ ಚಿತ್ರಿಸಿದೆನು. ನಡುಗುವ ಬೆರಳಿನಿಂದ ಒಂದು ಗುಂಡಿಯನ್ನೊತ್ತಿದರೆ ಸಾಕಾಯಿತು. ಆದರೆ ಎಷ್ಟು ಸಡಿಲ ಬಿಡಬೇಕೆಂಬುದನ್ನು ಯಂತ್ರಕ್ಕೆ ನೋಡುವವನೇ ಹೇಳಬೇಕು. ಕೃಪಾಕರ–ಸೇನಾನಿಯವರಂಥವರು ನೀಲಗಿರಿಯ ತಪ್ಪಲಿನ ಕಾಡುಗಳಲ್ಲಿ ಸೀಳುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದು ಗಳಿಸಿದುದು ಆ ಅಳತೆಯನ್ನೇ. ಅದನ್ನು ಕಲಿಸಲು, ತಪ್ಪಿಸಿಕೊಂಡು ಹೋಗಬಲ್ಲ ಮೃಗವೊಂದು ಬೇಕು. ಆದುದರಿಂದಲೇ ಬೀರುವಿನಲ್ಲಿದ್ದ ಕ್ಯಾಮೆರಾವನ್ನು ಮೊಮ್ಮಗನಿಗೆ ಕೊಟ್ಟಿರುವೆನು.