ಮಡಿಕೇರಿಯಲ್ಲಿ ಕೇಳಿದ ಗೌರಮ್ಮನ ಕಥೆ

ನನ್ನ ತವರು ಹಿರೇಕೆರೂರು, ಕೊಟ್ಟ ಮನೆ ಸವಣೂರು. ಒಬ್ಬ ನಾದಿನಿ ಹಾನಗಲ್ಲಿನಲ್ಲಿ, ಇನ್ನೊಬ್ಬಳು ಶಿಗ್ಗಾವಿಯಲ್ಲಿ. ಹೀಗಾಗಿ ನನ್ನ ತಿರುಗಾಟವೆಲ್ಲ ಈ ನಾಲ್ಕು ಊರುಗಳ ನಡುವೆಯೇ. ಹೋದ ಡಿಸೆಂಬರಿನಲ್ಲಿ ನಮ್ಮವರು, "ಈ ಸಲ ಮಡಿಕೇರಿ ನೋಡಿ ಬರೋಣು" ಅಂದಾಗ ನಂಬಿಕೆಯೇ ಬರಲಿಲ್ಲ. ನಾದಿನಿಯರಿಬ್ಬರೂ ಹೊರಟು ನಿಂತರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಸವಣೂರ ಖಾರ ಕಟ್ಟಿಕೊಂಡು ರಾತ್ರಿ ಬಸ್ಸು ಹತ್ತಿದೆವು.

ಮಡಿಕೇರಿಯಲ್ಲಿ ಇಳಿದಾಗ ಎದುರಿಗಿದ್ದವರ ಮುಖ ಕಾಣದಷ್ಟು ಮಂಜು. ಬಿಸಿ ಕಾಫಿ ಕುಡಿದು ಮೊದಲು ಕೋಟೆಗೆ ಹೋದೆವು. ಅಲ್ಲಿನ ಎರಡು ಆನೆಗಳನ್ನು ನೋಡಿ, ಈಗ ಹೆಜ್ಜೆ ಹಾಕಾವೇನೋ ಅನ್ನಬೇಕು, ಅಷ್ಟು ಜೀವಕಳೆ. ಲಿಂಗರಾಜೇಂದ್ರ ಕಟ್ಟಿಸಿದ ಅರಮನೆಯೂ ಅಲ್ಲೇ. ಕೋಟೆಯೊಳಗೆ ಮೊದಲು ವೀರಭದ್ರನ ಗುಡಿ ಇತ್ತಂತೆ. ಇಂಗ್ಲಿಷರು 1855ರಲ್ಲಿ ಅದನ್ನು ತೆಗೆದು ಚರ್ಚು ಕಟ್ಟಿದರು. ಈಗ ಅದು ವಸ್ತುಸಂಗ್ರಹಾಲಯ.

ಅಲ್ಲಿಂದ ರಾಜರ ಗದ್ದುಗೆಗೆ ಹೋದೆವು. ದೂರದಿಂದ ಗುಮ್ಮಟ ನೋಡಿದರೆ ದರ್ಗಾ ಅನಿಸುತ್ತದೆ. ಹತ್ತಿರ ಹೋದರೆ ಮೂಲೆಮೂಲೆಗೆ ಬಸವಣ್ಣ ಕೂತಿದ್ದಾನೆ! ಕೊಡಗನ್ನು ಇನ್ನೂರು ವರ್ಷಕ್ಕೂ ಹೆಚ್ಚು ಆಳಿದ ಹಾಲೇರಿ ಅರಸರು ಲಿಂಗವಂತರು. ಅವರ ಮೂಲಪುರುಷ ಇಕ್ಕೇರಿ ಮನೆತನದವನು, ಜಂಗಮನ ವೇಷದಲ್ಲಿ ಬಂದು ಹಾಲೇರಿಯಲ್ಲಿ ನೆಲೆ ನಿಂತ ಎನ್ನುತ್ತಾರೆ. ಇಕ್ಕೇರಿ ನನ್ನ ತವರಿಗೆ ದೂರವಲ್ಲ, ಶಿಕಾರಿಪುರ ದಾಟಿದರೆ ಸಾಗರದ ಹತ್ತಿರ. ನಮ್ಮ ಕಡೆಯವರೇ ಅಂತ ನನಗೆ ಹೆಮ್ಮೆ.

ದೊಡ್ಡವೀರರಾಜೇಂದ್ರನ ಗದ್ದುಗೆಯ ಜೊತೆಗೇ ಅವನ ರಾಣಿ ಮಹಾದೇವಮ್ಮಾಜಿಯದೂ ಇದೆ. ಗಂಡು ಸಂತಾನವಿಲ್ಲದೆ ಈ ರಾಜ 1809ರಲ್ಲಿ ತೀರಿಕೊಂಡಾಗ ಪಟ್ಟ ಮಗಳು ದೇವಮ್ಮಾಜಿಗೆ ಬಂತು. ಆದರೆ ಚಿಕ್ಕಪ್ಪ ಲಿಂಗರಾಜ ಅವಳನ್ನು ಸರಿಸಿ ತಾನೇ ರಾಜನಾದ. ಲಿಂಗರಾಜನ ಮಗನೇ ಚಿಕ್ಕವೀರರಾಜೇಂದ್ರ, ಮಾಸ್ತಿಯವರ ಕಾದಂಬರಿಯ ರಾಜ.

"ಅವನ ಗದ್ದುಗಿ ಎಲ್ಲೈತ್ರಿ?" ಎಂದು ಕೇಳಿದೆ. ಅಲ್ಲಿದ್ದ ಹಿರಿಯರೊಬ್ಬರು, "ಅವರದು ಇಲ್ಲಿ ಇಲ್ಲಮ್ಮ. ಲಂಡನ್ನಿನಲ್ಲಿ ತೀರಿಕೊಂಡರು. ಅವರ ಮಗಳ ಸಮಾಧಿಯೂ ಅಲ್ಲೇ ಇದೆ" ಅಂದರು. ಆ ಮಗಳ ಕಥೆ ಕೇಳುತ್ತ ನಾವು ಮೆಟ್ಟಿಲ ಮೇಲೇ ಕೂತುಬಿಟ್ಟೆವು.

1834ರಲ್ಲಿ ಇಂಗ್ಲಿಷರು ರಾಜನನ್ನು ಇಳಿಸಿ ಕಾಶಿಗೆ ಕಳಿಸಿದರು. ಗೌರಮ್ಮ 1841ರಲ್ಲಿ ಅಲ್ಲಿಯೇ ಹುಟ್ಟಿದವಳು. ಮಡಿಕೇರಿಯ ಅರಮನೆಯಲ್ಲಿ ಅವಳು ಆಡಲೇ ಇಲ್ಲ. ಕಂಪನಿಯಲ್ಲಿ ಇಟ್ಟಿದ್ದ ಮನೆತನದ ಹಣ ಕೇಳಲು ರಾಜ 1852ರಲ್ಲಿ ಇಂಗ್ಲೆಂಡಿಗೆ ಹೋದ. ಜೊತೆಗೆ ಮಗಳನ್ನು ಕರೆದೊಯ್ದು ವಿಕ್ಟೋರಿಯಾ ರಾಣಿಯ ಆಶ್ರಯಕ್ಕೆ ಒಪ್ಪಿಸಿದ. ಅದೇ ವರುಷ ಆಕೆಗೆ ಕ್ರೈಸ್ತ ದೀಕ್ಷೆಯಾಯಿತು. ರಾಣಿಯೇ ಧರ್ಮತಾಯಿಯಾಗಿ ನಿಂತು ತನ್ನ ಹೆಸರನ್ನೂ ಕೊಟ್ಟಳು: ವಿಕ್ಟೋರಿಯಾ ಗೌರಮ್ಮ. ಆಗ ಅವಳಿಗೆ ಬರೀ ಹನ್ನೊಂದು. ಸಾಕಿದ್ದು ಇಂಗ್ಲಿಷ್ ಮನೆಗಳವರು. ಆಸ್ಥಾನದ ಚಿತ್ರಕಾರ ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದ. ಮಾನ ಮರ್ಯಾದೆಗೆ ಕೊರತೆ ಇರಲಿಲ್ಲ. ಅಪ್ಪನ ಹಣ ಮಾತ್ರ ಕೈಗೆ ಸಿಗಲಿಲ್ಲ. ಕೋರ್ಟಿನ ವ್ಯಾಜ್ಯ ನಡೆದಿರುವಾಗಲೇ 1859ರಲ್ಲಿ ತೀರಿಕೊಂಡ.

"ಹಡೆದ ಅಪ್ಪಗ ಮನಸಾದರೂ ಹ್ಯಾಂಗ ಬಂತು ಅತ್ತಿಗಿ?" ಎಂದಳು ಶಿಗ್ಗಾವಿಯ ನಾದಿನಿ. ಅವಳ ಮಗಳಿಗೂ ಹನ್ನೊಂದೇ ವರುಷ.

ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗನಿಗೆ ಅವಳನ್ನು ಕೊಡುವ ಮನಸ್ಸು ರಾಣಿಗಿತ್ತು. ಅವನು ಒಪ್ಪಲಿಲ್ಲ. 1860ರಲ್ಲಿ ತನಗಿಂತ ಬಹಳ ಹಿರಿಯನಾದ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾದಳು. ಮರುವರ್ಷ ಹೆಣ್ಣುಮಗು. 1864ರಲ್ಲಿ, ಇಪ್ಪತ್ತಮೂರು ತುಂಬುವ ಮೊದಲೇ, ಕ್ಷಯರೋಗದಿಂದ ತೀರಿಕೊಂಡಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳ ಸಮಾಧಿ. ಮೂರು ವರುಷದಲ್ಲಿ ಗಂಡ ಎಲ್ಲಿಗೆ ಹೋದನೋ, ಪತ್ತೆಯೇ ಆಗಲಿಲ್ಲ.

ಬರುವಾಗ ಬಸ್ಸಿನಲ್ಲಿ ನನಗೆ ನಮ್ಮ ಸವಣೂರೇ ನೆನಪಾಯಿತು. 1779ರಲ್ಲಿ ಹೈದರಾಲಿ ತನ್ನ ಮಗಳನ್ನು ಸವಣೂರ ನವಾಬನ ಮಗನಿಗೆ ಕೊಟ್ಟು, ನವಾಬನ ಮಗಳನ್ನು ತನ್ನ ಮಗ ಕರೀಮನಿಗೆ ತಂದುಕೊಂಡ. ಜೋಡಿ ಮದುವೆ! ಏಳೇ ವರುಷಕ್ಕೆ ಟಿಪ್ಪುವಿನ ಸೈನ್ಯ ಬಂದು ನವಾಬ ಊರು ಬಿಡಬೇಕಾಯಿತು. ಹೆಣ್ಣು ಕೊಟ್ಟರೆ ರಾಜ್ಯ ಉಳಿದೀತೆಂಬ ಲೆಕ್ಕ ಅಲ್ಲಿಯೂ ತಪ್ಪಿತು, ಕೊಡಗಿನಲ್ಲಿಯೂ ತಪ್ಪಿತು. ನಾವೂ ಕೊಟ್ಟ ಮನೆಗೆ ಬಂದವರೇ. ಆದರೆ ಹಬ್ಬಕ್ಕೆ ತವರಿನಿಂದ ಕರೆಯಲು ಬರುವವರು ನಮಗಿದ್ದಾರೆ. ಆ ಹುಡುಗಿಗೆ ಯಾರಿದ್ದರು?

ಆದರೂ ಒಂದು ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. ಗೌರಮ್ಮನ ಮಗಳ ಹೆಸರು ಎಡಿತ್ ವಿಕ್ಟೋರಿಯಾ ಗೌರಮ್ಮ. ಊರು, ಧರ್ಮ, ಮಾತು ಎಲ್ಲ ಬಿಟ್ಟ ಮೇಲೂ ಆ ಒಂದು ಹೆಸರು ಮಗಳಿಗೆ ದಾಟಿತು.

ಸೋದರಿಯರೇ, ಮಡಿಕೇರಿಗೆ ಹೋದರೆ ರಾಜಾ ಸೀಟಿನ ಸೂರ್ಯಾಸ್ತ ನೋಡಿ, ಓಂಕಾರೇಶ್ವರನಿಗೆ ಕೈ ಮುಗಿಯಿರಿ, ಬೆಚ್ಚನೆಯ ಶಾಲು ಮರೆಯಬೇಡಿ. ಗದ್ದುಗೆಯ ಮುಂದೆ ಒಂದು ಗಳಿಗೆ ಕೂತು ಬನ್ನಿ. ಮುಂದಿನ ಗೌರಿ ಹುಣ್ಣಿಮೆಗೆ ನಮ್ಮ ಓಣಿಯ ಹುಡುಗಿಯರು ಸಕ್ಕರೆ ಆರತಿ ಹಿಡಿದು ಹೊರಟಾಗ, ನಾನಂತೂ ಆ ದೂರದ ಗೌರಮ್ಮನ ಹೆಸರಲ್ಲಿ ಒಂದು ಆರತಿ ಹೆಚ್ಚಿಗೆ ಬೆಳಗುತ್ತೇನೆ.