ಯಾವ ಎಳಿ ಹರದೈತ್ರಿ?

ನರಮಂಡಲದ ಪಾಠಕ್ಕೆ ಬಂದರೆ ಎಲ್ಲರೂ ಹೇಳುವ ಹೋಲಿಕೆ ಒಂದೇ: ನರವೆಂದರೆ ಟೆಲಿಫೋನ್ ತಂತಿ, ಮೆದುಳೆಂದರೆ ಎಕ್ಸ್‌ಚೇಂಜು. ಈಗಿನ ಮಕ್ಕಳು ಕಂಡಿರುವುದು ಮೊಬೈಲು. ಅದಕ್ಕೆ ತಂತಿಯೇ ಇಲ್ಲ! ನಾನು ಬಿ.ಎ., ಬಿ.ಎಡ್. ಮಾಡಿದವಳು, ಕನ್ನಡ ಕಲಿಸುವವಳು. ವಿಜ್ಞಾನದ ಮಾಸ್ತರರು ವರ್ಗವಾಗಿ ಹೋದ ವರ್ಷ ಆ ಪಾಠವೂ ನನ್ನ ಪಾಲಿಗೆ ಬಂತು. ಇಳಕಲ್ಲಿನಲ್ಲಿದ್ದುಕೊಂಡು ಎಳೆಯ ಮಾತಿಗೆ ಟೆಲಿಫೋನಿನವರೆಗೆ ಯಾಕೆ ಹೋಗಬೇಕು?

ನಮ್ಮೂರ ಸೀರೆಯ ಮೈ ಹತ್ತಿಯದಾದರೂ ಸೆರಗು ರೇಷ್ಮೆಯದು. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಬೇಕು. ಒಂದು ಸೀರೆಗೆ ಹಾಕಿದ ಕೊಂಡಿ ಆ ಸೀರೆಗೇ ಮುಗಿಯಿತು; ಮುಂದಿನದಕ್ಕೆ ಮತ್ತೆ ಮೊದಲಿನಿಂದ. ನರಕೋಶಗಳೂ ಹೀಗೆಯೇ ಬೇರೆ ಬೇರೆ ಎಳೆಗಳು ಎಂದೆ. ಈ ಮಾತಿಗೇ ಹಿಂದೆ ದೊಡ್ಡ ಜಗಳ ನಡೆದಿತ್ತು. ಇಟಲಿಯ ಗಾಲ್ಜಿ ನರಗಳೆಲ್ಲ ಕೂಡಿಕೊಂಡ ಒಂದೇ ಬಲೆ ಎಂದರು. ಸ್ಪೇನಿನ ಕಹಾಲ್, ಗಾಲ್ಜಿಯವರೇ ಕಂಡುಹಿಡಿದ ಬಣ್ಣ ಹಾಕುವ ವಿಧಾನದಿಂದ ನೋಡಿ, ಅಲ್ಲ, ಕೋಶ ಕೋಶವೂ ಸ್ವತಂತ್ರ ಎಂದರು. 1906ರಲ್ಲಿ ನೊಬೆಲ್ ಇಬ್ಬರಿಗೂ ಸೇರಿ ಬಂತು. ಪ್ರಶಸ್ತಿಯ ಭಾಷಣದಲ್ಲೂ ಗಾಲ್ಜಿ ತಮ್ಮ ಹಟ ಬಿಡಲಿಲ್ಲ. ಪಂಡಿತರ ಹಟ ಎಲ್ಲ ಊರಲ್ಲೂ ಒಂದೇ.

ಹೋಲಿಕೆ ಎಲ್ಲಿ ಮುರಿಯುತ್ತದೆಂದು ಮಕ್ಕಳನ್ನೇ ಹುಡುಕಲು ಹಚ್ಚುವುದು ನನ್ನ ರೂಢಿ. ಕೊಂಡಿಯಲ್ಲಿ ಎಳೆ ಎಳೆಯನ್ನು ಹಿಡಿದುಕೊಂಡಿರುತ್ತದೆ. ನರಕೋಶಗಳ ನಡುವೆ ಸಾಮಾನ್ಯವಾಗಿ ಒಂದು ಸಂದು, ಅದೇ ಸಿನಾಪ್ಸ್. ಅಗಲ ಮಿಲಿಮೀಟರಿನ ಐವತ್ತು ಸಾವಿರದಲ್ಲೊಂದು ಪಾಲು. 1950ರ ದಶಕದಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಅದು ಕಣ್ಣಿಗೆ ಬಿತ್ತು. ಇಲ್ಲಿ ಮಗ್ಗ ಬಿಟ್ಟು ಹೊಳೆಗೆ ಹೋಗಬೇಕಾಯಿತು: ಓಡಿಬಂದ ಸುದ್ದಿ ದಂಡೆಯಲ್ಲಿ ರಾಸಾಯನಿಕದ ದೋಣಿ ಹತ್ತಿ, ಆಚೆ ಇಳಿದು, ಮತ್ತೆ ವಿದ್ಯುತ್ತಾಗಿ ಓಡುತ್ತದೆ. ಎಲ್ಲ ನರಗಳ ಓಟವೂ ಒಂದೇ ಅಲ್ಲ. ಹೆಬ್ಬೆರಳು ಎಡವಿದಾಗ ಮೊದಲು ಚುರುಕ್ಕೆನ್ನುವುದು, ಆಮೇಲೆ ಮೆಲ್ಲಗೆ ನೋವು ಏರುವುದು ಎಲ್ಲರಿಗೂ ಗೊತ್ತು. ಮೊದಲನೆಯದು ತಡೆರಹಿತ ಬಸ್ಸು, ಎರಡನೆಯದು ಊರೂರಿಗೂ ನಿಲ್ಲುವ ಬಸ್ಸು. ಇದಕ್ಕೆ ತರಗತಿ ನಕ್ಕಿತು.

ನಗದೆ ಕುಳಿತಿದ್ದ ನೇಕಾರರ ಹುಡುಗಿಯೊಬ್ಬಳು ಎದ್ದು ನಿಂತಳು. "ಅಕ್ಕೋರ, ನಮ್ಮಪ್ಪಗ ಸಕ್ರಿ ಬ್ಯಾನಿ ಐತಿ. ಕಾಲಾಗ ಮುಳ್ಳ ಚುಚ್ಚಿದ್ರೂ ಗೊತ್ತಾಗೂದಿಲ್ಲ. ಯಾವ ಎಳಿ ಹರದೈತ್ರಿ?"

ಕುಣಿಮಗ್ಗದವನಿಗೆ ಕಾಲೆಂದರೆ ಅರ್ಧ ಕಸುಬು. ಬೋರ್ಡಿನ ಮೇಲೆ ಉದ್ದ ಗೆರೆ ಎಳೆದು ತೋರಿಸಿದೆ. ಸೊಂಟದ ಬಳಿಯಿಂದ ಕಾಲ್ಬೆರಳಿನವರೆಗೆ, ಸುಮಾರು ಒಂದು ಮೀಟರ್, ಒಂದೇ ಕೋಶದ ಎಳೆ ಹೋಗಿರುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಅದು ಪಟ್ಟನೆ ಹರಿಯುವುದಿಲ್ಲ, ತುದಿಯಿಂದ ಸವೆಯುತ್ತ ಬರುತ್ತದೆ; ಉದ್ದನೆಯ ಎಳೆಗೇ ಮೊದಲ ಪೆಟ್ಟು. ಅದಕ್ಕೇ ಪಾದಕ್ಕೆ ಮೊದಲು ಜೋಮು. ನೋವಿಲ್ಲವೆಂದರೆ ಗಾಯವಿಲ್ಲವೆಂದಲ್ಲ, ಸುದ್ದಿ ಬರುತ್ತಿಲ್ಲವೆಂದು ಅರ್ಥ; ಅಪ್ಪನನ್ನು ದವಾಖಾನೆಗೆ ಕಳಿಸು ಎಂದೆ.

ಮರುದಿನ ಅಪ್ಪನ ಪ್ರಶ್ನೆ ಹೊತ್ತು ಬಂದಳು: ಸವೆದ ಎಳೆಗೆ ಮತ್ತೆ ಕೊಂಡಿ ಹಾಕಲು ಬರುತ್ತದೆಯೇ? ಕೊಯ್ದುಹೋದ ನರವನ್ನು ವೈದ್ಯರು ಹೊಲಿದರೆ ಅದು ದಿನಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರಿನಂತೆ ಬೆಳೆಯಬಲ್ಲದು. ಸವೆದದ್ದಕ್ಕೆ ಹಾಗೆ ಹೊಲಿಗೆಯಿಲ್ಲ. ಸಕ್ಕರೆ ಹಿಡಿತದಲ್ಲಿದ್ದರೆ ಸವೆತ ನಿಧಾನವಾದೀತು, ಅಷ್ಟೇ. ಹೇಳುವುದು ಕಷ್ಟವಾಯಿತು, ಹೇಳಿದೆ. ನೇಕಾರನಿಗೆ ಇದು ನನಗಿಂತ ಬೇಗ ತಿಳಿದಿರಬೇಕು.

ಈಗ ಅವನು ಮಗ್ಗಕ್ಕೆ ಕೂಡುವ ಮುಂಚೆ ಹುಡುಗಿ ಕುಣಿಯೊಳಗೆ ಇಳಿದು ಕೈಯಾಡಿಸುತ್ತಾಳಂತೆ, ಮೊಳೆಯೋ ಹರಳೋ ಬಿದ್ದಿದೆಯೇ ಎಂದು. ರಾತ್ರಿ ಅಂಗಾಲಿಗೆ ಮೊಬೈಲಿನ ಬೆಳಕು ಹಿಡಿದು ನೋಡುವುದೂ ಅವಳೇ.