ಕರೆಂಟ್ ಹೋದಾಗ ಕೇರಂ ಬೋರ್ಡಿಗೆ ಬೆಳಕು

ಕರೆಂಟ್ ಹೋದಾಗ ಕೇರಂ ಕೋಣೆಗೆ ಬರೀ ಬೆಳಕಿದ್ದರೆ ಸಾಲದು, ಅದು ಮೇಲಿನಿಂದ ನೇರವಾಗಿ ಬೀಳಬೇಕು. ಮೂಲೆಯಲ್ಲಿಟ್ಟ ಎಮರ್ಜೆನ್ಸಿ ಲ್ಯಾಂಪಿನಿಂದ ಒಂದೊಂದು ಪಾನಿಗೂ ಉದ್ದ ನೆರಳು. ಸ್ಟ್ರೈಕರ್ ಹಿಡಿದ ಕೈಯ ನೆರಳು ಗುರಿಯನ್ನೇ ಮುಚ್ಚಿಬಿಡುತ್ತದೆ. ಮೇಣದಬತ್ತಿಯಂತೂ ಬೇಡವೇ ಬೇಡ. ಮೇಣ ತೊಟ್ಟಿಕ್ಕಿದ ಜಾಗದಲ್ಲಿ ಎಷ್ಟು ಬೋರಿಕ್ ಪೌಡರ್ ಉದುರಿಸಿದರೂ ಸ್ಟ್ರೈಕರ್ ಸರಾಗವಾಗಿ ಜಾರುವುದಿಲ್ಲ.

74 ಸೆಂಟಿಮೀಟರ್ ಚೌಕದ ಆಟದ ಹಲಗೆಗೆ ನಟ್ಟನಡುವೆ, ಷೇಡ್ ಹಾಕಿ ಇಳಿಬಿಟ್ಟ ಒಂದೇ ಬಲ್ಬ್ ಸಾಕು. ಒಳಗೇ ಬ್ಯಾಟರಿ ಇರುವ 9 ವ್ಯಾಟಿನ ಎಲ್‌ಇಡಿ ಬಲ್ಬ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮಾಮೂಲಿ ಹೋಲ್ಡರಿಗೇ ಹಾಕಬಹುದು. ಕರೆಂಟ್ ಇದ್ದಾಗ ಚಾರ್ಜ್ ಆಗಿ, ಹೋದ ಕೂಡಲೇ ತಾನಾಗಿ ಉರಿಯುತ್ತದೆ. ಆದರೆ ಸ್ವಿಚ್ ಆನ್ ಇರಲೇಬೇಕು. ಆಫ್ ಮಾಡಿಟ್ಟರೆ ಚಾರ್ಜೂ ಆಗದು, ಕತ್ತಲಲ್ಲಿ ಉರಿಯುವುದೂ ಇಲ್ಲ. ಬ್ಯಾಟರಿಯ ಮೇಲೆ ಉರಿಯುವಾಗ ಬೆಳಕು ಸಾಮಾನ್ಯವಾಗಿ ತುಸು ಮಂಕಾಗುವುದರಿಂದ ಬಲ್ಬನ್ನು ಸ್ವಲ್ಪ ಕೆಳಗೇ ಇಳಿಬಿಡುವುದು ಒಳ್ಳೆಯದು.

ಇನ್ವರ್ಟರ್ ಇರುವ ಮನೆಯಲ್ಲಿ ಇಷ್ಟೂ ಬೇಕಿಲ್ಲ. 12 ವೋಲ್ಟಿನ 150 ಎಎಚ್ ಬ್ಯಾಟರಿಗೆ 9 ವ್ಯಾಟ್ ಯಾವ ಲೆಕ್ಕ? ವೈರಿಂಗ್ ಮಾಡಿಸುವಾಗ ಹಾಲ್, ಅಡುಗೆಮನೆಯ ಜೊತೆಗೆ ಈ ಒಂದು ಪಾಯಿಂಟನ್ನೂ ಇನ್ವರ್ಟರ್ ಲೈನಿಗೆ ಸೇರಿಸಲು ಎಲೆಕ್ಟ್ರಿಷಿಯನ್‌ಗೆ ಹೇಳಿದರಾಯಿತು.